ಅರಿಸಿನ ಹಚ್ಚಿದ ತುದಿ

“ಈ ಕಂಬ ತಲಿಕೆಳಗ ನಿಂತೈತ್ರಿ ರಾಯರ,” ಎಂದ ಬಡಿಗ ಈರಣ್ಣ.

ಪ್ರಲ್ಹಾದರಾಯರು ಕೇಳಿಸದವರಂತೆ ಕೈಗೆ ಅಂಟಿದ್ದ ಸುಣ್ಣದ ಗಾರೆ ಉಜ್ಜಿಕೊಳ್ಳುತ್ತ ನಿಂತರು. ಹಿತ್ತಲಿನ ಹಲಗೆ ಜಗಲಿಯ ಅಂಚಿಗೆ, ಕಟಾಂಜನದ ತಡೆಗೆಂದು ಸಾಲಾಗಿ ನಿಂತ ಸಾಗವಾನಿ ಕಂಬಗಳಲ್ಲಿ ನಟ್ಟನಡುವಿನದನ್ನು ನಿನ್ನೆ ಅವರೇ ನೆಟ್ಟಿದ್ದರು. ನಿನ್ನೆ ಅಮಾವಾಸ್ಯೆ, ಬಡಿಗರು ಉಳಿ ಮುಟ್ಟುವ ದಿನವಲ್ಲ. ಒಂದು ದಿನ ತಡೀರಿ ಎಂದು ಈರಣ್ಣ ಹೇಳಿಯೇ ಹೋಗಿದ್ದ. ರಾಯರಿಗೆ ತಡೆಯಲಾಗಿರಲಿಲ್ಲ.

ಈರಣ್ಣ ಬೆರಳಿಟ್ಟು ತೋರಿಸಿದ. ಕೊಂಬೆ ಒಡೆದ ಗಂಟುಗಳು ಉಳಿದ ಕಂಬಗಳಲ್ಲಿ ಮೇಲ್ಮುಖವಾಗಿದ್ದವು, ಇದರಲ್ಲಿ ಮಾತ್ರ ನೆಲ ನೋಡುತ್ತಿದ್ದವು. ಮರ ಕಾಡಿನಲ್ಲಿ ಹೇಗೆ ನಿಂತಿತ್ತೋ ಮನೆಯಲ್ಲೂ ಹಾಗೆಯೇ ನಿಲ್ಲಬೇಕೆಂಬುದು ಬಡಿಗರ ನೇಮ. ಅದಕ್ಕೆಂದೇ ಭವಾನಿ ಪೇಠೆಯ ಕಟ್ಟಿಗೆ ಅಡ್ಡೆಯಲ್ಲಿ ಕಂಬಗಳನ್ನು ಬಡಿದು, ದನಿ ಕೇಳಿ ಆರಿಸಿದ ಮೇಲೆ ಪ್ರತಿಯೊಂದರ ಬುಡಕ್ಕೂ ಅವನು ಅರಿಸಿನ ಹಚ್ಚಿದ್ದ. ರಾಯರು ಬ್ರಿಟಿಷ್ ಸರ್ಕಾರದ ಕಚೇರಿಯಲ್ಲಿ ನಕ್ಷೆ ಬರೆಯುವವರು, ಅಳತೆ ಅಂದರೆ ಪ್ರಾಣ. ಉದ್ದ ಹೆಚ್ಚಾಯಿತೆಂದು ಅರಿಸಿನ ಹಚ್ಚಿದ ತುದಿಯನ್ನೇ ಕೊಯ್ದು ಒಗೆದರು. ಆಮೇಲೆ ಯಾವುದು ಬುಡ, ಯಾವುದು ತಲೆ ತಿಳಿಯದೆ, ಕೈಗೆ ಸಿಕ್ಕ ತುದಿಯನ್ನು ಗೆದ್ದಲು ಹತ್ತದಂತೆ ಸುಟ್ಟು, ಡಾಂಬರು ಬಳಿದು, ಕುಣಿಗೆ ಇಳಿಸಿ ಗಾರೆ ತುಂಬಿದ್ದರು.

“ಅಯ್ಯ ದೇವರ! ತಲಿಕೆಳಗ ಕಂಬ ನಿಂತ ಮನಿ ಉದ್ಧಾರ ಆದೀತೇನೋ?” ತಾಯಿ ಗಂಗೂಬಾಯಿ ಹಿತ್ತಲ ಬಾಗಿಲಿನಿಂದಲೇ ಶುರು ಮಾಡಿದರು.

“ಕಡದ ಮರಕ್ಕ ತಲಿ ಎಲ್ಲಿ, ಬುಡ ಎಲ್ಲಿ ಅವ್ವಾ? ಭಾರ ಹೊತ್ತರ ಮುಗೀತು.”

ರಾಯರು ಹಿಡಿದ ಮೊಲಕ್ಕೆ ಯಾವತ್ತೂ ಮೂರೇ ಕಾಲು. ಈ ಜಗಲಿಯೂ ಅಂಥದೇ ಒಂದು ಮೊಲ. ಧಾರವಾಡದಿಂದ ಪುಣೆಗೆ ಬಂದ ಹೊಸದರಲ್ಲಿ, ಮಹಾಬಳೇಶ್ವರದಲ್ಲಿ ಯಾವನೋ ಸಾಹೇಬನ ಬಂಗಲೆಯಲ್ಲಿ ಇಂಥದೊಂದನ್ನು ಕಂಡು ಮರುಳಾಗಿದ್ದರು. ಹಿತ್ತಲು ಮುಗಿದು ಹಳ್ಳಕ್ಕೆ ಇಳಿಯುವ ಕಡೆ ಎತ್ತರದ ಕಲ್ಲುಗೋಡೆ, ಅದರ ಮೇಲೆ ಹಲಗೆ ಹಾಸಿದ್ದರು. ಆಗ ಕಟಾಂಜನ ಬೇಡವೇ ಬೇಡ ಎಂದಿದ್ದರು. ಕುಳಿತರೆ ಪರ್ವತಿಯ ಗುಡ್ಡ ಅಡ್ಡಿಯಿಲ್ಲದೆ ಕಾಣಬೇಕಂತೆ. ಎರಡು ವರ್ಷದ ಕೆಳಗೆ ಅವರು ಅಲ್ಲೇ ಕುಳಿತು ಪತ್ರಿಕೆ ಓದುತ್ತಿದ್ದಾಗ, ಪಕ್ಕದಲ್ಲೇ ಆಡುತ್ತಿದ್ದ ಮಗಳು ನರ್ಮದಾ ಕೆಳಗಿನ ಬಂಡೆಗಳ ಮೇಲೆ ಬಿದ್ದಳು, ಉಳಿಯಲಿಲ್ಲ. ಪುಟ ತಿರುವಿದ ಸಪ್ಪಳದಲ್ಲಿ ಕೂಸು ಬಿದ್ದ ಸಪ್ಪಳ ಅವರಿಗೆ ಕೇಳಲೇ ಇಲ್ಲ.

ಮರುದಿನ ಅವರು ಕೊಡಲಿ ಹಿಡಿದು ಜಗಲಿ ಕಡಿಯಲು ಹೊರಟಾಗ ತಡೆದವಳು ಹೆಂಡತಿ ಇಂದೂ. “ಕಿತ್ತರ ನಿಮಗ ಕಾಣಂಗಿಲ್ಲ. ಕಾಣಬೇಕು,” ಎಂದಿದ್ದಳು. ಮತ್ತೆ ಆ ಮಾತು ಎತ್ತಲಿಲ್ಲ.

ಈಗ ಮಗ ಬಿಂದು ಅಂಬೆಗಾಲಿಡುತ್ತಿದ್ದ. ಹಳೆಯ ಸೀರೆ ಹರಿದು ಮಾಡಿದ ಪಟ್ಟಿಯ ಒಂದು ತುದಿ ಅವನ ನಡುವಿಗೆ, ಇನ್ನೊಂದು ಇಂದೂಳ ನಡುವಿಗೆ. ಹಿತ್ತಲಲ್ಲಿ ಅವಳು ಕೂಸನ್ನು ಗಂಡನ ಕೈಗೆ ಒಮ್ಮೆಯೂ ಕೊಟ್ಟಿರಲಿಲ್ಲ. ಅವರು ಕೇಳಿಯೂ ಇರಲಿಲ್ಲ. ಕೇಳುವ ಬಾಯಿ ಎಲ್ಲಿಂದ ತರಬೇಕು? ಕಟಾಂಜನ ಎದ್ದರೆ ಕೊಟ್ಟಾಳು ಎಂಬ ಆಸೆಯೇ ಅವರನ್ನು ಅಮಾವಾಸ್ಯೆಯ ದಿನವೂ ಸುಮ್ಮನೆ ಕೂರಗೊಟ್ಟಿರಲಿಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂದು ಓಣಿಯವರು ಆಡಿಕೊಂಡರು. ಆಡಿಕೊಳ್ಳಲಿ. ಊರಲ್ಲಿ ಇನ್ನೂ ಒಂದು ಮನೆ ಉಳಿದಿತ್ತಲ್ಲ.

“ಎಲ್ಲಾ ಬಿಟ್ಟು ಈ ಕಂಬಾನಽ ಯಾಕ ನೆಟ್ರಿ?” ಎಂದು ಕೂಸಿನೊಂದಿಗೆ ಹಿತ್ತಲಿಗೆ ಬಂದ ಇಂದೂ ಕೇಳಿದಳು. ನರ್ಮದಾ ಬಿದ್ದದ್ದು ಸರಿಯಾಗಿ ಅಲ್ಲಿಂದ.

“ಈ ಜಾಗಾ ಖಾಲಿ ಇರೂದು ನೋಡ್ಲಿಕ್ಕೆ ಆಗ್ಲಿಲ್ಲ.”

“ಗಟ್ಟಿ ಅದ ಏನು?”

“ಲೆಕ್ಕಾ ಹಾಕೀನಿ. ಆನಿ ಒರಗಿದ್ರೂ ಅಳಗ್ಯಾಡಂಗಿಲ್ಲ.”

“ಹೋದ ಸಲನೂ ನಿಮ್ಮ ಲೆಕ್ಕಾ ಸರೀನಽ ಇತ್ತು.”

ಅವಳು ನಡುವಿನ ಗಂಟು ಬಿಚ್ಚಿ ಕೂಸನ್ನು ಅತ್ತೆಯ ಮಡಿಲಿಗೆ ಹಾಕಿದಳು. ಸೆರಗು ಸಿಕ್ಕಿಸಿಕೊಂಡು ಬಂದು, ಕಂಬಕ್ಕೆ ಬೆನ್ನು ಕೊಟ್ಟು ನಿಂತಳು. ಹಿಂದೆ ಹಳ್ಳ. ಅಡ್ಡಪಟ್ಟಿ ಇನ್ನೂ ಕೂರಿಸಿರಲಿಲ್ಲ. ನಿಧಾನವಾಗಿ ಮೈಭಾರವನ್ನೆಲ್ಲ ಕಂಬದ ಮೇಲೆ ಬಿಟ್ಟಳು. ರಾಯರು ಓಡಿ ಬಂದು ಕೈ ಚಾಚಿದರು.

“ನೀವು ಹಿಡೀಬ್ಯಾಡ್ರಿ. ಕಂಬ ಹಿಡೀತದೋ ಇಲ್ಲೋ ನೋಡಬೇಕು.”

ರಾಯರ ಕೈ ಅರ್ಧದಲ್ಲೇ ನಿಂತಿತು. ಗಂಗೂಬಾಯಿ ಕೂಸನ್ನು ಎದೆಗೆ ಅವುಚಿಕೊಂಡರು. ಬುಡದಲ್ಲಿ ಹಸಿ ಗಾರೆ ಕರಕ್ಕೆಂದು ಬಿರಿಯಿತು. ಕಂಬ ಹಳ್ಳದ ಕಡೆಗೆ ವಾಲಿತು.

“ಅಕ್ಕಾರ!” ಎಂದು ಈರಣ್ಣ ಕೂಗಿದ. ಅಷ್ಟರಲ್ಲಿ ರಾಯರು ಅವಳ ಮುಂಗೈ ಹಿಡಿದು ಎಳೆದಿದ್ದರು. ಎಳೆದ ರಭಸಕ್ಕೆ ಬಳೆ ಒಡೆದು, ಇಬ್ಬರೂ ಹಲಗೆಯ ಮೇಲೆ ಕುಸಿದರು.

“ಒಂದು ದಿನ ತಡೀಲಿಕ್ಕೆ ಆಗ್ಲಿಲ್ಲ ನಿಮಗ,” ಎಂದಳು ಇಂದೂ. ದನಿ ಏರಿರಲಿಲ್ಲ. ಏರಿದ್ದರೆ ರಾಯರಿಗೆ ಎಷ್ಟೋ ಹಗುರವಾಗುತ್ತಿತ್ತು.

ಅವರು ಎದ್ದು ಹೋಗಿ ಹಾರೆ ತಂದರು. ತಾವು ತುಂಬಿದ ಗಾರೆಯನ್ನು ತಾವೇ ಒಡೆದರು. ಕಂಬ ಮೇಲೆ ಬಂದ ಮೇಲೆ ಈರಣ್ಣನ ಮುಂದೆ ಅದನ್ನು ಮಲಗಿಸಿ, “ಇನ್ನ ನೀನಽ ಹೇಳಪಾ, ಹೆಂಗಂತೀ ಹಂಗ,” ಎಂದರು. ಈರಣ್ಣ ನಿಜವಾದ ಬುಡಕ್ಕೆ ಹೊಸದಾಗಿ ಅರಿಸಿನ ಹಚ್ಚಿ, ಅದನ್ನು ಸುಟ್ಟು, ಡಾಂಬರು ಬಳಿದು ಕುಣಿಗಿಳಿಸಿದ. ಮೊದಲು ಸುಟ್ಟಿದ್ದ ತುದಿ ಈಗ ಮೇಲಾಯಿತು. ಸಾಲಿನಲ್ಲಿ ಅದೊಂದೇ ಕಂಬಕ್ಕೆ ಕಪ್ಪು ತಲೆ.

“ಚಂದ ಕಾಣಂಗಿಲ್ರಿ. ಹೊಸಾದು ತರೂನು,” ಎಂದ ಈರಣ್ಣ.

“ಬ್ಯಾಡ. ಇದಽ ಇರಲಿ,” ಎಂದಳು ಇಂದೂ.

ಗಾರೆ ಬಿಗಿಯುವ ತನಕ ರಾಯರು ದಿನಾ ಕಂಬಗಳ ಬುಡಕ್ಕೆ ನೀರುಣಿಸಿದರು. ಯಾರನ್ನೂ ಅವಸರಿಸಲಿಲ್ಲ. ಈರಣ್ಣ ಅಡ್ಡಪಟ್ಟಿ ಜೋಡಿಸಿ ಹೋದ ಮೇಲೂ ಜಗಲಿ ಹತ್ತಲಿಲ್ಲ.

ಒಂದು ಬೆಳಿಗ್ಗೆ ಇಂದೂ ತಾನಾಗಿ ಬಂದು ಅದೇ ಕಂಬಕ್ಕೆ ಬೆನ್ನು ಕೊಟ್ಟಳು. ಕೂಸು ಅವಳ ಕಾಲ ಬಳಿ ಹಲಗೆ ಬಡಿಯುತ್ತಿತ್ತು. ತುಳಸಿಯ ಹತ್ತಿರ ನಿಂತಿದ್ದ ರಾಯರ ಕೈ ತಾನಾಗಿ ಮುಂದೆ ಬಂತು. ಅವರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತರು. ಕಂಬ ಅಲುಗಲಿಲ್ಲ. ಅವಳು ಬಹಳ ಹೊತ್ತು ಒರಗಿಯೇ ಇದ್ದಳು, ಕಣ್ಣಿಂದ ನೀರು ಇಳಿಯುತ್ತಿತ್ತು. ನರ್ಮದಾಗೆ ಅಂದು ಇಷ್ಟೇ ಒಂದು ಆಸರೆ ಇದ್ದಿದ್ದರೆ ಎಂಬ ಸಂಕಟ ಇಬ್ಬರಿಗೂ ಒಟ್ಟಿಗೇ ಬಂತು.

“ಬರ್ರಿ ಇಲ್ಲೆ,” ಎಂದಳು.

ರಾಯರು ಜಗಲಿ ಹತ್ತಿದರು. ಇಂದೂ ಸೊಂಟದ ಗಂಟು ಬಿಚ್ಚಿದಳು. ಕಂಬಕ್ಕೆ ಕಟ್ಟುತ್ತಾಳೆ ಎಂದುಕೊಂಡರು ಅವರು. ಅವಳು ಪಟ್ಟಿಯ ತುದಿಯನ್ನು ಅವರ ಕೈಯಲ್ಲಿಟ್ಟಳು.

“ಹಾಲಿಟ್ಟು ಬಂದೀನಿ, ಉಕ್ಕತದ,” ಎಂದು ಒಳಗೆ ಹೋದಳು.

ಬೆಳಗಿನ ಪತ್ರಿಕೆ ಮಡಿಕೆ ಬಿಚ್ಚದೆ ಹೊಸ್ತಿಲ ಮೇಲೆ ಬಿದ್ದಿತ್ತು. ರಾಯರು ಪಟ್ಟಿಯನ್ನು ಮುಂಗೈಗೆ ಒಂದು ಸುತ್ತು ಸುತ್ತಿದರು. ಆ ತುದಿಯಿಂದ ಕೂಸು ಜಗ್ಗಿತು. ಅವರು ಇನ್ನೊಂದು ಸುತ್ತು ಸುತ್ತಿಕೊಂಡರು.