ಬಿಸಿ ತಿಳಿಯದ ಬೆರಳುಗಳು

ನಾನು ಕಾರುಗಳ ಮೈಗೆ ಹೊಳಪು ಕೊಡುವ ಒಂದು ಪುಟ್ಟ ಪಾಲಿಶ್ ಯಂತ್ರ. ಈಗ ಕೊಡುತ್ತಿಲ್ಲ, ಕೊಡುತ್ತಿದ್ದೆ. ನನ್ನ ತೂಕ ಒಂದು ಕಿಲೋಗೂ ಕಡಿಮೆ. ತಲೆಗೆ ಅಂಗೈಯಗಲದ ಸ್ಪಂಜಿನ ಪ್ಯಾಡು. ಎಲ್ಲೋ ದೂರದ ಕಾರ್ಖಾನೆಯ ಉದ್ದನೆಯ ಮೇಜಿನ ಮೇಲೆ ಹುಟ್ಟಿದೆ. ಒಬ್ಬರು ತಾಮ್ರದ ತಂತಿ ಸುತ್ತಿದರು, ಇನ್ನೊಬ್ಬರು ಹಲ್ಲುಚಕ್ರ ಕೂರಿಸಿದರು, ಮೂರನೆಯವರು ಕಿವಿಯ ಹತ್ತಿರ ಹಿಡಿದು ಎರಡು ನಿಮಿಷ ತಿರುಗಿಸಿ, ತಲೆಯಾಡಿಸಿ ಪೆಟ್ಟಿಗೆಗೆ ಹಾಕಿದರು. ಆ ಎರಡು ನಿಮಿಷವೇ ನಾನು ದಣಿವಿಲ್ಲದೆ ತಿರುಗಿದ್ದು ಎಂದು ಈಗ ಅನ್ನಿಸುತ್ತದೆ.

ಅಲ್ಲಿಂದ ಮಂಗಳೂರಿಗೆ ಬಂದೆ. ಬಂದರಿನ ಕಡೆಯ ಓಣಿಯೊಂದರಲ್ಲಿ ಪದ್ಮನಾಭ ಮಲ್ಯರ ಅಂಗಡಿ. ಎಂಟು ತಿಂಗಳು ಕೆಳಗಿನ ಹಲಗೆಯಲ್ಲಿ ಕೂತಿದ್ದೆ. ಬಂದವರೆಲ್ಲ ಮೇಲಿನ ಹಲಗೆಯ ದೊಡ್ಡ ಯಂತ್ರಗಳನ್ನು ಕೇಳುತ್ತಿದ್ದರು. ನನ್ನನ್ನು ನೋಡಿದವರು, "ಇದು ಮಕ್ಕಳ ಆಟದ್ದಾ?" ಎಂದು ಕೇಳಿ ಮುಂದೆ ಹೋಗುತ್ತಿದ್ದರು.

ಒಂದು ಬೆಳಿಗ್ಗೆ ಗಂಡ ಹೆಂಡತಿ ಇಬ್ಬರು ಬಂದರು. ಗಂಡ ಬೊನಿಫಾಸ್ ಕುಟಿನ್ಹ, ಐವತ್ತೆಂಟರ ಹತ್ತಿರದವರು. ಇಪ್ಪತ್ತೆರಡು ವರ್ಷ ಗಲ್ಫಿನಲ್ಲಿ ಕಾರುಗಳಿಗೆ ಪಾಲಿಶ್ ಹಾಕಿ ಊರಿಗೆ ಬಂದು, ಕುಲಶೇಖರ ಎಂಬಲ್ಲಿ ತಮ್ಮ ಮನೆಯ ಮುಂದೆ ತಗಡಿನ ಶೆಡ್ಡು ಕಟ್ಟಿ ಅದೇ ಕೆಲಸ ಮಾಡುತ್ತಿದ್ದರು. ಹೆಂಡತಿ ಸೆವ್ರಿನ್ ಬಾಯಿ ಇಪ್ಪತ್ತಾರು ವರ್ಷ ಗೇರುಬೀಜದ ಕಾರ್ಖಾನೆಯಲ್ಲಿ ಸಿಪ್ಪೆ ತೆಗೆದವರು.

"ದೊಡ್ಡದನ್ನು ಹಿಡಿದ್ರೆ ಇವರಿಗೆ ಕೈ ಸೋಲ್ತದೆ," ಎಂದರು ಸೆವ್ರಿನ್ ಬಾಯಿ. "ಸಣ್ಣದು ಯಾವುದುಂಟು?"

ಮಲ್ಯರು ನನ್ನನ್ನೂ ನನ್ನಷ್ಟೇ ದೊಡ್ಡ ಇನ್ನೊಂದನ್ನೂ ಮೇಜಿನ ಮೇಲಿಟ್ಟರು. "ನೋಡಿ ಬಾಯಮ್ಮ, ಎರಡು ಜಾತಿ. ಇದು ಬರೀ ಸುತ್ತುದು. ಅದು ಸುತ್ತುತ್ತಾ ಅಲುಗುದು ಕೂಡ. ಅದರಲ್ಲಿ ಬಣ್ಣ ಸುಡುದು ಕಡಿಮೆ, ಆದ್ರೆ ಕೈಗೆ ನಡುಕ ಜಾಸ್ತಿ. ಇದು ಕೈಗೆ ಮೆತ್ತಗೆ. ಒಂದೇ ಕಡೆ ನಿಲ್ಲಿಸಿದ್ರೆ ಮಾತ್ರ ಬಣ್ಣ ಹೋಗ್ತದೆ. ನಡುನಡುವೆ ಮುಟ್ಟಿ ಬಿಸಿ ನೋಡ್ತಾ ಇರ್ಬೇಕು."

ಬೊನಿಫಾಸರು ಮೊದಲು ಆ ಅಲುಗುವ ಯಂತ್ರವನ್ನು ಹಿಡಿದರು. ಚಾಲೂ ಮಾಡಿದ ಕೂಡಲೇ ಅದು ಅವರ ಕೈಯಿಂದ ಜಾರಿತು. ಮಲ್ಯರು ಹಿಡಿದುಕೊಂಡರು. ಆಮೇಲೆ ಬೊನಿಫಾಸರು ನನ್ನನ್ನು ಎತ್ತಿಕೊಂಡರು. ಹೆಬ್ಬೆರಳು, ತೋರುಬೆರಳು ನನ್ನನ್ನು ಗಟ್ಟಿಯಾಗಿ ಹಿಡಿದಿದ್ದವು. ಉಳಿದ ಮೂರು ಬೆರಳು ನನ್ನ ಮೇಲೆ ಸುಮ್ಮನೆ ಬಿದ್ದುಕೊಂಡಿದ್ದವು, ತಮ್ಮದಲ್ಲದ ಬೆರಳುಗಳ ಹಾಗೆ. ನನಗೆ ಅದು ಆಗಲೇ ಗೊತ್ತಾಯಿತು. ಹೇಳುವ ಬಾಯಿ ನನಗಿಲ್ಲ.

"ಇದೇ ಸಾಕು," ಎಂದರು ಬೊನಿಫಾಸರು.

"ಬಿಸಿ ನೋಡ್ಬೇಕಂತೆ," ಎಂದರು ಸೆವ್ರಿನ್ ಬಾಯಿ.

"ಇಪ್ಪತ್ತೆರಡು ವರ್ಷ ನೋಡಿದ್ದೇನೆ. ನೀನು ಕಲಿಸುದು ಬೇಡ."

ಹೀಗೆ ನನ್ನ ದುಡಿಮೆ ಶುರುವಾಯಿತು. ಕನ್ನಡಿಯ ಬೆನ್ನು, ಬಾಗಿಲ ಹಿಡಿಯ ಕೆಳಗಿನ ಗುಳಿ, ಮಬ್ಬಾದ ದೀಪದ ಗಾಜು, ದೊಡ್ಡ ಯಂತ್ರದ ತಲೆ ಹೋಗದ ಸಂದುಗೊಂದು ಎಲ್ಲ ನನ್ನ ಪಾಲು. ಕಡಲ ಗಾಳಿಯ ಊರು. ಉಪ್ಪು ತಿಂದ ಕಾರುಗಳು ಸಾಲಾಗಿ ಬರುತ್ತಿದ್ದವು. ನಾಲ್ಕೈದು ತಿಂಗಳಲ್ಲಿ ದೊಡ್ಡ ಯಂತ್ರ ಪೂರ್ತಿ ಮೂಲೆ ಸೇರಿತು. ಬಾನೆಟ್ಟು, ಮೇಲಿನ ಮಾಡು, ಬಾಗಿಲು ಎಲ್ಲವನ್ನೂ ನನ್ನಿಂದಲೇ ಮಾಡಿಸತೊಡಗಿದರು. ಚಮಚದಲ್ಲಿ ಬಾವಿ ಬತ್ತಿಸುವಂಥ ಕೆಲಸ ಅದು. ಮಧ್ಯಾಹ್ನದ ಹೊತ್ತಿಗೆ ನನ್ನ ಮೈ ಕೆಂಡವಾಗುತ್ತಿತ್ತು. ಬೊನಿಫಾಸರು ಅಭ್ಯಾಸದಂತೆ ಬೆರಳ ಹಿಂಭಾಗವನ್ನು ಕಾರಿನ ಮೇಲಿಟ್ಟು, "ತಣ್ಣಗುಂಟು," ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ಮುಂದುವರಿಸುತ್ತಿದ್ದರು. ಹೆಚ್ಚಿನ ಸಲ ತಣ್ಣಗಿರುತ್ತಿರಲಿಲ್ಲ.

ಒಂದು ಸೆಪ್ಟೆಂಬರಿನಲ್ಲಿ ವಾಮನ ಬಂಗೇರ ಎಂಬವರು ಕಡುನೀಲಿ ಕಾರೊಂದನ್ನು ತಂದು ಬಿಟ್ಟರು. ವಿಮಾನ ನಿಲ್ದಾಣಕ್ಕೆ ಬಾಡಿಗೆ ಓಡಿಸುವವರು. ಬಾನೆಟ್ಟಿನ ನಡುವೆ ಏಣಿನಂತೆ ಎದ್ದ ಒಂದು ಗೆರೆಯಿತ್ತು. ಅಂಥ ಏಣಿನ ಮೇಲೆ ಬಣ್ಣ ತೆಳ್ಳಗಿರುತ್ತದೆ. ಬೊನಿಫಾಸರು ನನ್ನನ್ನು ಅಲ್ಲೇ ನಿಲ್ಲಿಸಿದರು. ನಾನು ಸುತ್ತಿದೆ. ತಗಡು ಕಾಯಿತು. ಅವರು ಬೆರಳಿಟ್ಟು ನೋಡಿದರು. "ತಣ್ಣಗುಂಟು." ಮತ್ತೆ ನನ್ನನ್ನು ಒತ್ತಿದರು. ನಿಲ್ಲುವುದು ನನ್ನ ಕೈಯಲ್ಲಿ ಇರಲಿಲ್ಲ. ಹೆಬ್ಬೆಟ್ಟಿನಷ್ಟು ಜಾಗದಲ್ಲಿ ನೀಲಿ ಹೋಗಿ ಅಡಿಯ ಬೂದು ಬಣ್ಣ ಕಂಡಿತು.

ಅವರು ನನ್ನನ್ನು ಬಂದ್ ಮಾಡಿದರು. ಸುತ್ತ ನೋಡಿ, ಒಂದು ಬಟ್ಟೆಯನ್ನು ಆ ಜಾಗದ ಮೇಲೆ ಹಾಕಿದರು. ಒಗೆದ ಬಟ್ಟೆ ಒಣಗಿಸಲು ಅಂಗಳಕ್ಕೆ ಬಂದಿದ್ದ ಸೆವ್ರಿನ್ ಬಾಯಿ ಅದನ್ನು ಕಂಡರು. ಬಂದು ಬಟ್ಟೆ ಎತ್ತಿದರು. ಬಾನೆಟ್ಟು ಮುಟ್ಟಿ ಥಟ್ಟನೆ ಕೈ ಹಿಂದೆಗೆದುಕೊಂಡರು.

"ಇಷ್ಟು ಬಿಸಿ ಉಂಟು. ನಿಮಗೆ ಗೊತ್ತಾಗ್ಲಿಲ್ವಾ?"

ಬೊನಿಫಾಸರು ಬಲಗೈಯನ್ನು ಮುಂದೆ ಚಾಚಿ, "ಈ ಮೂರು ಬೆರಳಲ್ಲಿ ಎಂತದೂ ಗೊತ್ತಾಗುದಿಲ್ಲ," ಎಂದರು.

"ಯಾವಾಗಿಂದ?"

"ಊರಿಗೆ ಬರುವ ಮೊದಲಿಂದ."

"ನಾಲ್ಕು ವರ್ಷ ಆಯ್ತು ನೀವು ಬಂದು. ಒಂದು ಮಾತು ಹೇಳ್ಲಿಲ್ಲ ನೀವು."

"ಹೇಳಿದ್ರೆ ಮಿಷನ್ ಮುಟ್ಲಿಕ್ಕೆ ಬಿಡ್ತಿದ್ಯಾ?"

"ಬಿಡ್ತಿರ್ಲಿಲ್ಲ."

"ಮತ್ತೆ ನಾನು ಎಂತ ಮಾಡುದು ದಿನವಿಡೀ? ಬಾಗಿಲಲ್ಲಿ ಕೂತು ರಸ್ತೆ ನೋಡುದಾ?"

ಶೆಡ್ಡಿನ ಗೂಡಿನಲ್ಲಿ ನೀಲಿ ಬಣ್ಣದ ಸಣ್ಣ ಶೀಷೆಯೊಂದಿತ್ತು. ಒಂದು ಹನಿ ಹಚ್ಚಿ, ಮೇಲೆ ಮೇಣ ಉಜ್ಜಿದರೆ ಮುಂದಿನ ಮಳೆಗಾಲದವರೆಗೆ ಯಾರಿಗೂ ಕಾಣುತ್ತಿರಲಿಲ್ಲ. ಬೊನಿಫಾಸರು ಆ ಶೀಷೆಯನ್ನು ತೆಗೆದು ಕೈಯಲ್ಲಿ ಹಿಡಿದರು. ಮುಚ್ಚಳ ತಿರುಗಿಸಲು ನೋಡಿದರು, ಬೆರಳು ಜಾರಿತು. ಹೆಂಡತಿಯ ಕಡೆ ಚಾಚಿದರು. ಅವರು ತೆಗೆದುಕೊಳ್ಳಲಿಲ್ಲ. ಬೊನಿಫಾಸರು ಶೀಷೆಯನ್ನು ಮತ್ತೆ ಗೂಡಿನಲ್ಲೇ ಇಟ್ಟು ಬಂಗೇರರಿಗೆ ಫೋನು ಮಾಡಿದರು.

ಬಂಗೇರರು ಬಂದು ನೋಡಿದರು. ಕೂಗಾಡಲಿಲ್ಲ. ಕೂಗಾಡಿದ್ದರೆ ಒಳ್ಳೆಯದಿತ್ತೇನೋ.

"ಹದಿನೆಂಟು ವರ್ಷ ಬೇರೆಯವರ ಗಾಡಿ ಓಡಿಸಿದವ ನಾನು, ಬೊನಿಫಾಸ್ ಪೊರ್ಬುಗಳೇ. ಇದು ನನ್ನದು ಅಂತ ಆದ ಮೊದಲನೇ ಗಾಡಿ."

"ಬಾನೆಟ್ಟಿಗೆ ಪೂರ್ತಿ ಪೈಂಟ್ ಮಾಡಿಸಿ ಕೊಡ್ತೇನೆ."

"ಪೈಂಟ್ ಆದ ಮೇಲೆ ಪಾಲಿಶ್ ಯಾರು ಮಾಡುದು? ನೀವಾ?"

"ನಾನು ಮಾಡ್ತೇನೆ," ಎಂದರು ಸೆವ್ರಿನ್ ಬಾಯಿ.

ಇಬ್ಬರು ಗಂಡಸರೂ ಅವರ ಕಡೆ ತಿರುಗಿದರು. "ಮಾಡಿ ಗೊತ್ತುಂಟಾ ಬಾಯಮ್ಮ?" ಎಂದು ಬಂಗೇರರು ಕೇಳಿದರು.

"ಇಲ್ಲ. ಗೇರುಬೀಜದ ಸಿಪ್ಪೆ ತೆಗೆದು ಗೊತ್ತುಂಟು. ಸಿಪ್ಪೆ ಹೋಗ್ಬೇಕು, ಬೀಜಕ್ಕೆ ಗೀರು ಬೀಳ್ಬಾರ್ದು. ಇದೂ ಹಾಗೇ ಅಲ್ವಾ?"

ಬಂಗೇರರು ಆಗಲಿ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. "ಒಂದು ವಾರ ಗಾಡಿ ನಿಮ್ಮ ಹತ್ರ ಬಿಡ್ತೇನೆ. ನೋಡುವ," ಎಂದು ಹೋದರು.

ಪೈಂಟಿಗೆ ಹೋದ ಕಾರು ತಿರುಗಿ ಬರುವವರೆಗೆ, ಗ್ಯಾರೇಜಿನಿಂದ ತಂದ ಹಳೇ ಬಾಗಿಲೊಂದರ ಮೇಲೆ ಸೆವ್ರಿನ್ ಬಾಯಿ ನನ್ನನ್ನು ಹಿಡಿಯಲು ಕಲಿತರು. ಅವರ ಐದೂ ಬೆರಳು ನನ್ನನ್ನು ಗಟ್ಟಿಯಾಗಿ ಹಿಡಿದವು. ಅಂಥ ಎಚ್ಚರದ ಕೈ ನನಗೆ ಹೊಸದು. ಆದರೂ ಮೂರು ಸಲ ಬಣ್ಣ ಸುಟ್ಟರು. ಬೊನಿಫಾಸರು ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನಿಂತು ಹೇಳಿಕೊಡುತ್ತಿದ್ದರು. "ಶಬ್ದ ಕೇಳು. ದಪ್ಪ ಆಯ್ತು ಅಂದ್ರೆ ಒತ್ತಿದ್ದು ಜಾಸ್ತಿ. ಎಣ್ಣೆ ಹಚ್ಚಿದ ಹಾಗೆ ಹೋಗ್ಬೇಕು." ನಡುವೆ ಜಗಳವೂ ಆಯಿತು. ಒಂದು ಮಧ್ಯಾಹ್ನ ಸೆವ್ರಿನ್ ಬಾಯಿ ನನ್ನನ್ನು ಕುಕ್ಕಿ, "ನೀವೇ ಮಾಡಿ ಹಾಗಾದ್ರೆ," ಎಂದರು. ಹೇಳಿದ ಮೇಲೆ ಅವರೇ ಮತ್ತೆ ನನ್ನನ್ನು ಎತ್ತಿಕೊಂಡರು.

ಹೊಸ ಬಣ್ಣದ ಬಾನೆಟ್ಟಿಗೆ ಅವರು ಒಂದು ಇಡೀ ದಿನ ತೆಗೆದುಕೊಂಡರು. ಎರಡು ಸುತ್ತಿಗೊಮ್ಮೆ ಅಂಗೈ ಇಟ್ಟು ನೋಡುವರು, ಕಾಯುವರು. ಮಾರನೇ ದಿನ ಬಂಗೇರರು ಕಾರನ್ನು ಬಿಸಿಲಿಗೆ ತಂದು, ಬಗ್ಗಿ, ಓರೆಯಾಗಿ ನೋಡಿದರು.

"ಇಲ್ಲೊಂದು ಸಣ್ಣ ಮಬ್ಬು ಉಂಟು."

"ಉಂಟು," ಎಂದರು ಸೆವ್ರಿನ್ ಬಾಯಿ. "ಅದು ನನಗೆ ಬರ್ಲಿಲ್ಲ."

ಬಂಗೇರರು ಆ ಮಬ್ಬಿನ ಮೇಲೆ ಬೆರಳಾಡಿಸಿದರು. "ಇರ್ಲಿ. ಮುಚ್ಚಿಡ್ಲಿಲ್ಲ ಅಲ್ವಾ, ಸಾಕು," ಎಂದು ಕೀಲಿ ತೆಗೆದುಕೊಂಡರು. ಆಮೇಲೆ ಪ್ರತಿ ವರ್ಷ ಆಯುಧ ಪೂಜೆಯ ಹಿಂದಿನ ವಾರ ಅವರ ಕಾರು ನಮ್ಮ ಶೆಡ್ಡಿಗೆ ಬರುತ್ತಿತ್ತು.

ಹೀಗೆ ಏಳು ವರ್ಷ. ಸೆವ್ರಿನ್ ಬಾಯಿಯ ಕೈ, ಬೊನಿಫಾಸರ ಕಣ್ಣು, ನನ್ನ ತಿರುಗಾಟ. ನನ್ನ ಸ್ವಿಚ್ಚು ಎರಡು ಸಲ, ಒಳಗಿನ ಕಾರ್ಬನ್ ಬ್ರಷ್ಷು ಐದು ಸಲ ಬದಲಾಯಿತು. ಕೊನೆಯ ಸಲ ಮಲ್ಯರು ನನ್ನನ್ನು ಬಿಚ್ಚಿ, "ಇದಿನ್ನೂ ಜೀವ ಹಿಡ್ಕೊಂಡುಂಟಾ?" ಎಂದು ಕೇಳಿದರು. ಹಿಡಿದುಕೊಂಡಿದ್ದೆ, ಅಷ್ಟೇ. ಬೇರಿಂಗು ಸವೆದು ನಾನು ಕೆಮ್ಮುತ್ತಾ ತಿರುಗುತ್ತಿದ್ದೆ. ಕೈಗೆ ಮೆತ್ತಗೆ ಎಂದು ಹೇಳಿ ನನ್ನನ್ನು ಮಾರಿದ್ದರು. ಈಗ ಒಳಗೊಳಗೇ ಅದುರುತ್ತಿದ್ದೆ. ಬೊನಿಫಾಸರಿಗೂ ವಯಸ್ಸಾಗಿತ್ತು. ಅಂಗಿಯ ಗುಂಡಿ ಹಾಕಲು ಅವರು ಬೆಳಿಗ್ಗೆ ಹೆಂಡತಿಯ ಮುಂದೆ ನಿಲ್ಲುತ್ತಿದ್ದರು.

ಒಂದು ದಿನ, ಬೆಳ್ಳಿ ಬಣ್ಣದ ಕಾರೊಂದರ ಕನ್ನಡಿಯ ಬೆನ್ನು ಅರ್ಧ ಆಗಿತ್ತು. ಸೆವ್ರಿನ್ ಬಾಯಿ ನನ್ನನ್ನು ಬಂದ್ ಮಾಡಿ ಸ್ಟೂಲಿನ ಮೇಲಿಟ್ಟರು.

"ಕೇಳಿದ್ರಾ, ನನಗೂ ಕಿರುಬೆರಳು ಜುಮು ಜುಮು ಆಗ್ತದೆ."

"ಯಾವಾಗಿಂದ?"

"ನಿನ್ನೆ ಸಂಜೆಯಿಂದ."

"ನಿನ್ನೆಯಿಂದವಾ?"

"ಹೌದು. ಅದಕ್ಕೇ ಇವತ್ತೇ ಹೇಳ್ತಾ ಇದ್ದೇನೆ."

ಬೊನಿಫಾಸರು ಎದ್ದು ಹೋಗಿ ನನ್ನ ಪ್ಲಗ್ಗು ಕಿತ್ತರು. ವಯರನ್ನು ಸುತ್ತತೊಡಗಿದರು. ಎರಡು ಬೆರಳಲ್ಲಿ ಸುತ್ತುವುದು. ಬಿಚ್ಚಿಹೋಗುವುದು, ಮತ್ತೆ ಸುತ್ತುವುದು. ಸೆವ್ರಿನ್ ಬಾಯಿ ನೋಡುತ್ತಾ ನಿಂತರು, ಸಹಾಯಕ್ಕೆ ಹೋಗಲಿಲ್ಲ. ಸುತ್ತಿ ಮುಗಿದ ಮೇಲೆ, "ಸಾಕು ಇನ್ನು," ಎಂದರು ಬೊನಿಫಾಸರು. ಉಳಿದ ಅರ್ಧವನ್ನು ಒದ್ದೆ ಬಟ್ಟೆಯಿಂದ ತಾವೇ ಉಜ್ಜಿದರು. ಮರುದಿನದಿಂದ ಯಾವ ಕಾರನ್ನೂ ಒಪ್ಪಿಕೊಳ್ಳಲಿಲ್ಲ.

ಈಗ ಶೆಡ್ಡಿನಲ್ಲಿ ತೆಂಗಿನ ಸಿಪ್ಪೆ, ಸೌದೆ. ನಾನು ಮೇಲಿನ ಹಲಗೆಯಲ್ಲಿದ್ದೇನೆ. ತಂತಿಗೆ ಜೇಡ ಬಲೆ ಕಟ್ಟಿದೆ. ನನ್ನಿಂದ ಹೊರಬರುವುದು ಹೊಳಪು ಮಾತ್ರ ಎಂದು ಬಹಳ ಕಾಲ ನಂಬಿದ್ದೆ. ಹಿಡಿದ ಕೈಯೊಳಕ್ಕೂ ನನ್ನ ನಡುಕ ಹೋಗುತ್ತಿತ್ತು. ನಾನು ಕೊಟ್ಟ ಹೊಳಪು ಎರಡು ಮಳೆಗೆ ಮಾಸಿತು. ಕೈಗಳಿಗೆ ಹೋದದ್ದು ಅಷ್ಟು ಬೇಗ ಮಾಸಲಿಲ್ಲ. ಇದು ನನ್ನ ತಪ್ಪೋ ಅಲ್ಲವೋ ತಿಳಿಯದು. ತಿಳಿದುಕೊಳ್ಳುವ ಶಕ್ತಿಯೂ ಉಳಿದಿಲ್ಲ.

ಸೆವ್ರಿನ್ ಬಾಯಿಯ ಬೆರಳು ಮಾತ್ರ ಕೆಲವು ತಿಂಗಳಲ್ಲಿ ಸರಿಯಾಯಿತು. ನಾಲ್ಕು ಗಂಟೆಗೆ ಅವರು ಎರಡು ಲೋಟ ಚಹಾ ತಂದು ಶೆಡ್ಡಿನ ನೆರಳಲ್ಲಿ ಕೂರುತ್ತಾರೆ. ಗಂಡನ ಲೋಟವನ್ನು ಕೂಡಲೇ ಕೊಡುವುದಿಲ್ಲ. ತಮ್ಮ ಕೈಯಲ್ಲೇ ಹಿಡಿದುಕೊಂಡು, "ಬಿಸಿ ಉಂಟು, ನಿಲ್ಲಿ," ಎನ್ನುತ್ತಾರೆ. ಬೊನಿಫಾಸರು ಕಾಯುತ್ತಾರೆ.