ಅಪ್ಪ ನೋಡಿದ ಇಳಿಜಾರು

ಭಾನುವಾರ ಬರುವ ಗುಂಪಿಗೆ ಕಡಿದಾದ ದಾರಿಯೇ ಬೇಕಾಗಿತ್ತು. ಹೋದ ವರ್ಷ ನಾವು ತೋರಿಸಿದ ದಾರಿಯಲ್ಲಿ ಬ್ರೇಕ್ ಹಿಡಿಯುವ ಪ್ರಸಂಗವೇ ಬರಲಿಲ್ಲ ಎಂದು ಅವರ ಮುಂದಾಳು ಫೋನಿನಲ್ಲಿ ನಗುತ್ತಾ ಹೇಳಿದ. ಅವನು ಜಂಬಕ್ಕೆ ಹೇಳಿದ್ದು. ಅವತ್ತು ಅವರು ವಾಪಸ್ ತಂದ ಸೈಕಲ್ಲುಗಳ ಬ್ರೇಕ್ ಪ್ಯಾಡ್ ಬದಲಾಯಿಸಿದವಳು ನಾನು. ಬ್ರೇಕ್ ಹಿಡಿದು ಹಿಡಿದು ಸವೆದು, ಒಂದರಲ್ಲೂ ಪ್ಯಾಡ್ ಎನ್ನುವುದು ಉಳಿದಿರಲಿಲ್ಲ. ಆದರೆ ಅಪ್ಪನಿಗೆ ಆ ಮಾತು ನಾಟಿಬಿಟ್ಟಿತು.

"ಕೇಳಿಸ್ತೇನೋ?" ಫೋನ್ ಇಟ್ಟ ಮೇಲೆ ಅಣ್ಣನನ್ನು ಕರೆದ. "ನಮ್ಮ ದಾರೀಲಿ ಬ್ರೇಕ್ ಬೇಡವಂತೆ. ಇನ್ಮೇಲೆ ಬ್ರೇಕ್ ಬಿಚ್ಚಿಟ್ಟು ಬಾಡಿಗೆಗೆ ಕೊಡು. ತೂಕನಾದ್ರೂ ಕಮ್ಮಿಯಾಗುತ್ತೆ."

ಅಣ್ಣ ಕೈಗೆ ಹತ್ತಿದ ಗ್ರೀಸ್ ಒರೆಸಿಕೊಳ್ಳುತ್ತಾ ಬಾಗಿಲಲ್ಲಿ ನಿಂತಿದ್ದ. "ಬೇರೆ ಹುಡುಕ್ತೀನಿ ಬಿಡಪ್ಪ."

"ನೀನು ಹುಡುಕೋದು ಗೊತ್ತಿಲ್ವಾ? ಅಜ್ಜಿಯಂದಿರು ವಾಕಿಂಗ್ ಹೋಗೋ ಜಾಗ ತೋರಿಸ್ತೀಯ."

ನಮ್ಮದು ಸೈಕಲ್ ಅಂಗಡಿ. ಮುಂದೆ ಅಂಗಡಿ, ಹಿಂದೆ ಎರಡು ಕೋಣೆ. ಗುಡ್ಡ ಹತ್ತುವ, ಕಾಡಿನೊಳಗೆ ಇಳಿಯುವ ದಪ್ಪ ಟೈರಿನ ಸೈಕಲ್ಲುಗಳನ್ನು ಬಾಡಿಗೆಗೆ ಕೊಡುತ್ತೇವೆ. ರಜೆಯ ದಿನ ಗುಂಪುಗಳು ಬರುತ್ತವೆ. ಬೆಳಿಗ್ಗೆ ವ್ಯಾನಿನಲ್ಲಿ ಗುಡ್ಡದ ನೆತ್ತಿಗೆ ಹೋಗಿ, ಇಡೀ ದಿನ ಒಂದಾದ ಮೇಲೆ ಒಂದು ಇಳಿದು, ಸಂಜೆಗೆ ಮಣ್ಣು ಮೆತ್ತಿದ ಮುಖದಲ್ಲಿ ಖುಷಿಯಾಗಿ ಮನೆಗೆ ಹೋಗುತ್ತಾರೆ. ಆ ದಾರಿಗಳನ್ನು ಹುಡುಕುವುದು ಅಪ್ಪನ ಕೆಲಸವಾಗಿತ್ತು. ಒಬ್ಬನೇ ಕಾಡಿಗೆ ಹೋಗಿ, ಇಳಿಜಾರಿನಲ್ಲಿ ಬರಿಗಾಲಲ್ಲಿ ನಿಂತು ನೋಡಿ ಬರುತ್ತಿದ್ದ. ಮೊದಲು ಮನೆಯವರು ಇಳಿಯದ ದಾರಿಗೆ ಹೊರಗಿನವರನ್ನು ಬಿಡಬಾರದು ಎನ್ನುವುದು ಅವನ ಕಟ್ಟುಪಾಡು. ತಾನೇ ಇಳಿದು, ಪ್ಯಾಂಟಿನ ಧೂಳು ಕೊಡವಿ, "ನಡೀಲಿ" ಎಂದರೆ ಮುಗಿಯಿತು. ಆ ದಾರಿ ನಮ್ಮದು.

ಅಷ್ಟೆಲ್ಲ ಗುಡ್ಡ ಇಳಿದವನು ಬಿದ್ದದ್ದು ಅಂಗಡಿಯೊಳಗೆ, ಸ್ಟೂಲಿನ ಮೇಲಿಂದ. ಗೋಡೆಯ ಕೊಕ್ಕೆಗೆ ಟೈರ್ ನೇತುಹಾಕಲು ಹತ್ತಿದ್ದ. ಬೆನ್ನುಮೂಳೆಗೆ ಪೆಟ್ಟಾಯಿತು. ಸೊಂಟದ ಕೆಳಗೆ ಏನೂ ತಿಳಿಯುವುದಿಲ್ಲ, ಎಡಗೈಯಲ್ಲೂ ಬಲವಿಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲಿ ಅವನ ಮಂಚ. ಸೈಕಲ್ ಹ್ಯಾಂಡಲ್‌ಗೆ ಹಾಕುವ ಫೋನ್ ಹಿಡಿಕೆಯನ್ನು ಅಣ್ಣ ಮಂಚದ ಕಂಬಿಗೆ ಬಿಗಿದುಕೊಟ್ಟ. ಆಮೇಲೆ ನಾವಿಬ್ಬರೂ ಕಾಡಿಗೆ ಹೋಗುವುದು, ವಿಡಿಯೋ ಕಾಲ್ ಮಾಡಿ ಅಪ್ಪನಿಗೆ ಇಳಿಜಾರು ತೋರಿಸುವುದು, ಅವನು ಒಪ್ಪಿದರೆ ಅಣ್ಣ ಇಳಿಯುವುದು ಎಂದಾಯಿತು. ನಾನು ಶಾಲೆ ಬಿಟ್ಟು ಅಂಗಡಿಯಲ್ಲೇ ಇದ್ದೆನಲ್ಲ, ಫೋನ್ ಹಿಡಿಯುವ ಕೆಲಸ ನನ್ನದು. ಅಣ್ಣ ನನ್ನನ್ನು ಬೆಲ್ ಇಲ್ಲದ ಸೈಕಲ್ ಎಂದು ರೇಗಿಸುತ್ತಾನೆ. ಹಿಂದೆ ಬಂದು ನಿಂತರೂ ಯಾರಿಗೂ ಗೊತ್ತಾಗುವುದಿಲ್ಲವಂತೆ.

ಫೋನಿನಲ್ಲಿ ಇಳಿಜಾರು ಕಾಣುವುದಿಲ್ಲ. ಸೈಕಲ್ಲಿಗೆ ಕ್ಯಾಮೆರಾ ಕಟ್ಟಿಕೊಂಡು ಇಳಿದವರಿಗೆಲ್ಲ ಇದು ಗೊತ್ತು. ಕಾಲೂರಿ ನಿಲ್ಲಲಾಗದ ಜಾಗವೂ ಪರದೆಯ ಮೇಲೆ ಆಟದ ಮೈದಾನದ ಹಾಗೆ ಚಪ್ಪಟೆಯಾಗಿ ಬಿದ್ದಿರುತ್ತದೆ. ಅಪ್ಪನಿಗೆ ಗೊತ್ತಿರಲಿಲ್ಲ. ಓಡಾಡುವ ಕಾಲದಲ್ಲಿ ಅವನು ಫೋನನ್ನು ಮಾತಾಡಲು ಬಿಟ್ಟರೆ ಬೇರೆ ಯಾವುದಕ್ಕೂ ಮುಟ್ಟಿದವನಲ್ಲ. ಅಣ್ಣ ಒಮ್ಮೆ ಹೇಳಿದ, "ಅಪ್ಪಾ, ಇದರಲ್ಲಿ ಸರಿಯಾಗಿ ಗೊತ್ತಾಗಲ್ಲ" ಎಂದು. ಅಪ್ಪ, "ಕಾಲು ಹೋಯ್ತು. ಈಗ ಕಣ್ಣೂ ಹೋಯ್ತು ಅನ್ನು" ಎಂದ. ಆಮೇಲೆ ವಾರಗಟ್ಟಲೆ ಗೋಡೆ ಕಡೆ ಮುಖ ಮಾಡಿಸಿಕೊಂಡು ಮಲಗಿದ, ಕರೆದರೆ ಓಗೊಡಲಿಲ್ಲ, ತಟ್ಟೆ ಹೇಗೆ ಹೋಗಿತ್ತೋ ಹಾಗೇ ವಾಪಸ್ ಬರುತ್ತಿತ್ತು. ಆ ಮಾತನ್ನು ಮನೆಯಲ್ಲಿ ಮತ್ತೆ ಯಾರೂ ಎತ್ತಲಿಲ್ಲ. ಅವನು ಚಪ್ಪಟೆ ಎಂದಾಗಲೆಲ್ಲ ನಾವು ಇನ್ನೂ ಕಡಿದಾದದ್ದನ್ನು ಹುಡುಕುತ್ತಿದ್ದೆವು.

ಶುಕ್ರವಾರ ಬೆಳಿಗ್ಗೆ ಹೋದದ್ದು ಟವರ್ ಗುಡ್ಡದ ಹಿಂಬದಿಗೆ. ಅಲ್ಲಿ ಸಿಗ್ನಲ್ ಚೆನ್ನಾಗಿದೆ. ಅಣ್ಣ ಸೈಕಲ್ ಹೊತ್ತು, ನಾನು ಹೆಲ್ಮೆಟ್ ಮತ್ತು ನೀರು ಹಿಡಿದು, ಪೊದೆ ಸರಿಸಿಕೊಂಡು ನಡೆದೆವು. ನೆತ್ತಿಯಿಂದ ಸ್ವಲ್ಪ ಕೆಳಗೆ ಮರಗಳ ನಡುವೆ ನೆಲ ಇದ್ದಕ್ಕಿದ್ದಂತೆ ಜಾರಿಹೋಗಿತ್ತು. ಒಣಗಿದ ಎಲೆ, ಅಡ್ಡ ಬಿದ್ದ ಬೇರುಗಳು, ಅವುಗಳ ಕೆಳಗೆ ಒಂದು ಚಪ್ಪಡಿ ಬಂಡೆ. ಬಂಡೆಯ ಅಂಚಿನಾಚೆ ಕಾಣುತ್ತಿದ್ದದ್ದು ಮರಗಳ ತುದಿಗಳು ಮಾತ್ರ. ನಿಲ್ಲಲು ನಾನು ಒಂದು ಮರವನ್ನು ತಬ್ಬಿಕೊಳ್ಳಬೇಕಾಯಿತು.

ಅಣ್ಣ ನೋಡಿದ. "ಫೋನ್ ಮಾಡು" ಎಂದ.

ಅಪ್ಪ ದಿಂಬಿಗೆ ಒರಗಿ ಕೂತಿದ್ದ. ತಲೆ ಬಾಚಿಕೊಂಡಿದ್ದ. "ಎಲ್ಲಿ, ತೋರಿಸು."

ತೋರಿಸಿದೆ. ಪರದೆಯ ಮೂಲೆಯ ಸಣ್ಣ ಚೌಕದಲ್ಲಿ ಅದೇ ಜಾಗ ನನಗೂ ಕಾಣುತ್ತಿತ್ತು. ನಮ್ಮ ಅಂಗಡಿ ಮುಂದಿನ ಬೀದಿಯಲ್ಲಿ ಯಾರೋ ಎಲೆ ಗುಡಿಸದೆ ಬಿಟ್ಟ ಹಾಗಿತ್ತು.

"ಇದ್ರಲ್ಲಿ ಇಳಿಜಾರು ಎಲ್ಲಿದೆಯೋ?"

"ಇದೇ ಅಪ್ಪ" ಎಂದ ಅಣ್ಣ.

ನಾನು ಕೈಯಲ್ಲಿದ್ದ ನೀರಿನ ಬಾಟಲಿಯನ್ನು ಅಪ್ಪನಿಗೆ ಕಾಣುವ ಹಾಗೆ ನೆಲದ ಮೇಲಿಟ್ಟು ಕೈಬಿಟ್ಟೆ. ಅದು ಒಂದು ಬೇರಿಗೆ ಬಡಿದು ಚಿಮ್ಮಿತು, ಬಂಡೆಗೆ ಬಡಿಯಿತು, ಕಾಣದೆ ಹೋಯಿತು. ಬಹಳ ಕೆಳಗೆ ಟಕ್ ಎಂದು ಸದ್ದಾಯಿತು.

"ಬಾಟಲಿ ಯಾಕೆ ಎಸೆದೆ? ಕಾಡಲ್ಲಿ ಕಸ ಹಾಕಬೇಡಿ ಅಂತ ಎಷ್ಟು ಸಲ ಹೇಳ್ಬೇಕು?"

"ಎಸೀಲಿಲ್ಲ ಅಪ್ಪ. ಕೆಳಗಿಟ್ಟೆ."

"ಕೆಳಗಿಟ್ಟ ಬಾಟಲಿಗೆ ರೆಕ್ಕೆ ಬಂತೇನೇ?"

ಮರದ ಕಾಂಡ ನೆಟ್ಟಗಿರುತ್ತದೆ, ಅದರ ಪಕ್ಕದಲ್ಲಿ ನೆಲ ತೋರಿಸಿದರೆ ತಿಳಿದೀತು ಎಂದುಕೊಂಡೆ. ಫೋನನ್ನು ಅಡ್ಡ ಮಾಡಿ ಮರದ ಬುಡಕ್ಕೆ ಹಿಡಿದೆ. "ಮರ ನೋಡು ಅಪ್ಪ. ಈಗ ನೆಲ ನೋಡು."

ಅಪ್ಪ ನಕ್ಕ. "ಫೋನ್ ವಾರೆ ಹಿಡಿದು ಇಳಿಜಾರು ಮಾಡ್ತಿದ್ದೀಯಾ? ಭಲೇ. ಹಾಗಾದ್ರೆ ನಮ್ಮ ಬಚ್ಚಲುಮನೇಲೇ ಒಂದು ದಾರಿ ಮಾಡ್ಬಹುದಲ್ಲ."

ನಾನು ಫೋನನ್ನು ನೆಟ್ಟಗೆ ಮಾಡಿದೆ. ಅಣ್ಣ ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡು, "ಇಳೀಲಾ ಅಪ್ಪ?" ಎಂದು ಕೇಳಿದ. ಬೇಡ ಎನ್ನಲಿ ಎಂದು ಕೇಳಿದ್ದು ಅದು. ನನಗೆ ಗೊತ್ತಾಯಿತು.

"ನಿನ್ನಿಷ್ಟಪ್ಪ. ನಾನು ಮಲಗಿರೋನು, ಏನು ಹೇಳಲಿ? ಆಗಲ್ಲ ಅಂದ್ರೆ ಆಗಲ್ಲ ಅನ್ನು. ಅವರಿಗೆ ಬರಬೇಡಿ ಅಂತೀನಿ. ಬೋರ್ಡ್ ಇಳಿಸಿ ಪಂಕ್ಚರ್ ಅಂಗಡಿ ಅಂತ ಬರೆಸಿದ್ರಾಯ್ತು."

ನಾನು ಹಿಂದಿನಿಂದ ಸೀಟು ಹಿಡಿದುಕೊಂಡೆ. "ಬೇಡ ಅಣ್ಣಾ."

ಅಣ್ಣ ಫೋನಿಗೆ ಕೇಳಿಸದ ಹಾಗೆ ನನ್ನ ಕಡೆ ಬಗ್ಗಿದ. "ಇವತ್ತು ಬೆಳಿಗ್ಗೆ ಅಪ್ಪ ತಾನಾಗೇ ಕೂರಿಸು ಅಂದ ಕಣೇ. ಬಾಚಣಿಗೆ ಕೇಳಿದ. ನೀನೂ ನೋಡಿದ್ಯಲ್ಲ. ಬಿಡು."

ನೋಡಿದ್ದೆ. ಕೈ ಬಿಟ್ಟೆ.

ಮೊದಲ ಬೇರನ್ನು ದಾಟಿದ. ಸೊಂಟ ಹಿಂದಿನ ಚಕ್ರಕ್ಕೆ ತಾಗುವಷ್ಟು ಹಿಂದಕ್ಕೆ ಸರಿದಿದ್ದ. ಬ್ರೇಕ್ ಹಿಡಿದೇ ಇದ್ದ, ಆದರೂ ಟೈರು ನಿಲ್ಲದೆ ಎಲೆಯ ಮೇಲೆ ಜಾರುತ್ತಿತ್ತು. ಎರಡನೇ ಬೇರಿಗೆ ಮುಂದಿನ ಚಕ್ರ ಸಿಕ್ಕಿ ನಿಂತಿತು, ಹಿಂದಿನದು ಎದ್ದಿತು. ಅಣ್ಣ ಮತ್ತು ಸೈಕಲ್ ಒಟ್ಟಿಗೇ ಬಂಡೆಯ ಅಂಚಿನಾಚೆ ಹೋದರು. ಕೂಗೇನೂ ಇರಲಿಲ್ಲ. ಕೆಳಗೆ ತಗಡು ಬಡಿದ ಹಾಗೆ ಸದ್ದು, ಆಮೇಲೆ ಚಕ್ರ ತನ್ನಷ್ಟಕ್ಕೆ ತಿರುಗುವ ಟರ‍್‌ರ್.

"ಆಹಾ!" ಎಂದು ಫೋನಿನಲ್ಲಿ ಅಪ್ಪ ಕೂಗಿದ. "ನೋಡಿದ್ಯೇನೇ, ಹೇಗೆ ತಿರುವು ತಗೊಂಡ! ಒಂದು ಸಲ ತಡೆದು ಸರಕ್ ಅಂತ ಆಚೆ ಹೋಗ್ಬಿಟ್ಟ! ನನ್ನ ಮಗ ಕಣೇ ಅವನು!"

ಅವನು ಬಲಗೈಯಲ್ಲಿ ಮಂಚದ ಕಂಬಿಯನ್ನು ತಟ್ಟುತ್ತಿದ್ದದ್ದು ಕೇಳುತ್ತಿತ್ತು. ಅವನ ಮುಖ ಪರದೆಯ ತುಂಬ ಇತ್ತು. ಸ್ಟೂಲಿನಿಂದ ಬಿದ್ದ ಮೇಲೆ ಅವನು ಅಷ್ಟು ಹಲ್ಲು ಬಿಟ್ಟು ನಕ್ಕದ್ದು ಅದೇ ಮೊದಲು. ನಾನು ಆ ನಗುವನ್ನು ಕೈಯಲ್ಲಿ ಹಿಡಿದು ಮರಕ್ಕೆ ಅಂಟಿಕೊಂಡು ನಿಂತಿದ್ದೆ. ಕೆಳಗಿನಿಂದ ಅಣ್ಣನ ದನಿ ಬರಲಿಲ್ಲ.

ಫೋನನ್ನು ಜೇಬಿಗೆ ತುರುಕಿ, ಕೂತುಕೊಂಡೇ, ಬೇರು ಹಿಡಿಯುತ್ತಾ ಜಾರಿದೆ. "ಯಾಕೆ ಕತ್ತಲೆ? ಏನೂ ಕಾಣ್ತಿಲ್ಲ" ಎಂದು ಅಪ್ಪ ಎದೆಯ ಹತ್ತಿರ ಮಾತಾಡುತ್ತಲೇ ಇದ್ದ. ಬಂಡೆಯ ಪಕ್ಕದಿಂದ ಸುತ್ತಿಕೊಂಡು ಕೆಳಗೆ ಹೋದೆ. ಅಣ್ಣ ಪೊದೆಯೊಳಗೆ ಕೂತಿದ್ದ. ಮುಖ ಬಿಳುಚಿತ್ತು. ಕತ್ತಿನ ಬುಡದ ಮೂಳೆ ಚರ್ಮದೊಳಗೆ ಎದ್ದು ನಿಂತಿತ್ತು, ಬಲಗೈ ಅವನದಲ್ಲವೇನೋ ಎಂಬಂತೆ ಜೋಲಾಡುತ್ತಿತ್ತು. ಎಡಗೈಯ ಬೆರಳನ್ನು ತುಟಿಯ ಮೇಲಿಟ್ಟು, ಉಸಿರು ಎಳೆದುಕೊಂಡು, ನನ್ನ ಜೇಬಿನ ಕಡೆಗೆ ಹೇಳಿದ:

"ಇಳಿದೆ ಅಪ್ಪಾ. ಚೆನ್ನಾಗಿದೆ."

"ನಡೀಲಿ" ಎಂದ ಅಪ್ಪ. ಕಾಲ್ ಕಟ್ಟಾಯಿತು. ಆಮೇಲೆ ಅಣ್ಣ ಅತ್ತ. ನಾನು ಅವನ ಶೂ ಲೇಸ್ ಕಟ್ಟಿದೆ. ಬೇರೆ ಏನು ಮಾಡಬೇಕೋ ತಿಳಿಯಲಿಲ್ಲ.

ಆಸ್ಪತ್ರೆಯಲ್ಲಿ ಕೈಯನ್ನು ಎದೆಗೆ ಕಟ್ಟಿ ಕಳಿಸಿದರು. ಮನೆಗೆ ಬಂದು ಅಣ್ಣ ಸಲೀಸಾಗಿ ಸುಳ್ಳು ಹೇಳಿದ: ಎಲ್ಲ ಇಳಿದಾದ ಮೇಲೆ, ಕೆಳಗೆ ಸಮತಟ್ಟಿನಲ್ಲಿ, ರಸ್ತೆಗೆ ಬರುವಾಗ ಬಿದ್ದೆ.

ಅಪ್ಪ ಹೊಟ್ಟೆ ಹಿಡಿದು ನಕ್ಕ. "ಗುಡ್ಡ ಇಳಿದು ಸಮತಟ್ಟಲ್ಲಿ ಬಿದ್ಯಾ! ನಾನು ಸ್ಟೂಲಿಂದ, ನೀನು ರಸ್ತೇಲಿ. ನಮ್ಮ ವಂಶಕ್ಕೆ ಕಡಿದಾದ್ದೇ ಕ್ಷೇಮ ಬಿಡು." ನಕ್ಕು ಮುಗಿಸಿ, ಗುಂಪಿನ ಮುಂದಾಳಿಗೆ ಆಗಲೇ ಫೋನ್ ಮಾಡಿ ಆಯಿತು ಎಂದ. ಅಣ್ಣ ಹೋಗಲಾಗದಿದ್ದರೂ ಪರವಾಗಿಲ್ಲ. ವ್ಯಾನ್ ಅವರದೇ ಇದೆ. ಯಾರಾದರೂ ಜೊತೆಗೆ ಹೋಗಿ ಮೇಲಿನ ಜಾಗ ತೋರಿಸಿದರೆ ಸಾಕು, ಅವರೇ ಇಳಿದುಕೊಳ್ಳುತ್ತಾರೆ.

"ಇವಳು ಹೋಗ್ತಾಳೆ" ಎಂದ ಅಪ್ಪ, ನನ್ನ ಕಡೆ ಬೆರಳು ಮಾಡಿ. "ಮಾತಾಡೋ ಕೆಲಸ ಏನಿಲ್ಲ ಕಣೇ, ಹೆದರಬೇಡ. ಇದೇ ಅಂತ ಕೈ ತೋರಿಸಿದ್ರೆ ಮುಗೀತು."

ಅಣ್ಣ ನನ್ನನ್ನು ನೋಡಿದ. ನಾನು ನೆಲ ನೋಡಿದೆ.

ಶನಿವಾರ ಮಧ್ಯಾಹ್ನ ಅಣ್ಣ ಮಾತ್ರೆ ನುಂಗಿ ಪಕ್ಕದ ಕೋಣೆಯಲ್ಲಿ ಮಲಗಿದ್ದ. ಅಮ್ಮ ಕೆಲಸಕ್ಕೆ ಹೋಗಿದ್ದಳು. ಅವಳು ಹೋಟೆಲಿನ ಹಾಸಿಗೆ ಬಟ್ಟೆ ಇಸ್ತ್ರಿ ಮಾಡುವ ಕಡೆ ಇರುತ್ತಾಳೆ, ಸಂಜೆಯವರೆಗೆ ಬರುವುದಿಲ್ಲ. ನಾನು ಅಂಗಡಿಯಲ್ಲಿ ಕೂತು ಆ ಗುಂಪಿಗೆ ಕೊಡಬೇಕಾದ ಸೈಕಲ್ಲುಗಳಿಗೆ ಹೊಸ ಬ್ರೇಕ್ ಪ್ಯಾಡ್ ಹಾಕುತ್ತಿದ್ದೆ. ಎಷ್ಟು ಹೊಸದು ಹಾಕಿದರೂ ಅಲ್ಲಿ ಅದು ಹಿಡಿಯುವುದಿಲ್ಲ. ನಾಳೆ ನಾನು ಅಲ್ಲಿ ನಿಂತು ಕೈ ತೋರಿಸಬೇಕು. ಅವರು ನನಗೆ ಥ್ಯಾಂಕ್ಸ್ ಹೇಳಿ ಹೋಗುತ್ತಾರೆ.

ಕೈ ತೊಳೆದುಕೊಂಡು ಒಳಗೆ ಹೋದೆ. ಅಪ್ಪ ದಿಂಬಿಗೆ ಒರಗಿ ಕೂತಿದ್ದ.

"ಬಾ ಬಾ. ಆ ತಿರುವಿನ ಹತ್ರ ಒಂದು ಕೆಂಪು ಪಟ್ಟಿ ಕಟ್ಟು. ವೇಗದಲ್ಲಿ ಬರೋರಿಗೆ ದೂರದಿಂದ ಕಾಣಬೇಕು."

"ಯಾವ ತಿರುವು ಅಪ್ಪ?"

"ನಿಮ್ಮಣ್ಣ ತಿರುಗಿದ್ನಲ್ಲ, ಆ ಬಂಡೆ ಹತ್ರ."

"ಅಲ್ಲಿ ತಿರುವಿಲ್ಲ."

"ನಾನು ನೋಡಿದ್ದೀನಿ ಕಣೇ."

"ಅಲ್ಲಿ ತಿರುವಿಲ್ಲ ಅಪ್ಪ. ಅಲ್ಲಿ ನೆಲವೇ ಇಲ್ಲ. ಅಣ್ಣ ಬಿದ್ದದ್ದು ಅಲ್ಲೇ. ರಸ್ತೇಲಲ್ಲ."

ಅಪ್ಪ ನನ್ನ ಮುಖ ನೋಡಿದ. ಅಂಗಡಿಯಲ್ಲಿ ಯಾರೋ ಬಂದು, ಕರೆದು, ಹೊರಟುಹೋದರು. ಮಂಚದ ಕಂಬಿಯ ಮೇಲಿದ್ದ ಅಪ್ಪನ ಬಲಗೈ ಒಮ್ಮೆ ಎದ್ದು, ಇಳಿಜಾರು ಅಳೆಯುವ ಹಾಗೆ ಅಂಗೈ ಓರೆಯಾಗಿ, ಮತ್ತೆ ಬಿತ್ತು.

"ಮಳೆಗಾಲಕ್ಕೆ ಮುಂಚೆ ಒಂದು ತೋರಿಸಿದ್ರಿ. ಹೊಳೆ ಪಕ್ಕದ್ದು. ನಾನು ತೊಟ್ಟಿಲು ತೂಗಬಹುದು ಅಂದೆ."

"ಅದೂ ಕಡಿದಾಗಿತ್ತು."

"ಆ ಬಿದಿರು ಮೆಳೆ ಹತ್ರದ್ದು?"

"ಅಣ್ಣನ ಹಲ್ಲು ಮುರಿದದ್ದು ಅಲ್ಲಿ."

"ಅದು ಪೆಡಲ್ ತಾಗಿ ಅಂದಿದ್ನಲ್ಲ." ಆಮೇಲೆ ಅಪ್ಪ, "ನಂಗೆ ಹೇಳಬಾರದಾಗಿತ್ತೇನೇ?" ಎಂದ. ಸಿಟ್ಟಿರಲಿಲ್ಲ. ನಿಜವಾಗಿಯೇ ಕೇಳುತ್ತಿದ್ದ.

ಹೇಗೆ ಹೇಳುವುದಿತ್ತು ಎಂದು ನಾನೂ ಯೋಚಿಸುತ್ತಾ ನಿಂತೆ.

ಫೋನ್ ಹತ್ತಿರ ಕೊಡು ಎಂದ. ಕೊಟ್ಟೆ. ಮುಂದಾಳು ತಕ್ಷಣ ಎತ್ತಿದ. ಅವನ ಹಿಂದೆ ಯಾರೋ ನಗುತ್ತಿದ್ದರು, ಬ್ಯಾಗು ತುಂಬುತ್ತಿದ್ದರೆಂದು ಕಾಣುತ್ತದೆ.

"ನಾಳೆ ಬರಬೇಡಿ. ದಾರಿ ಇಲ್ಲ" ಎಂದ ಅಪ್ಪ.

"ಏನ್ ಸರ್ ಹೀಗಂದ್ರೆ? ನಿನ್ನೆ ನೀವೇ ಅಂದ್ರಿ, ಇಂಥ ದಾರಿ ನೋಡೇ ಇಲ್ಲ ಅಂತ."

"ಹೌದು. ನಾನು ನೋಡಿರಲಿಲ್ಲ."

"ಮತ್ತೆ ಯಾವಾಗ ಸರ್? ಮುಂದಿನ ತಿಂಗಳು?"

ಅಪ್ಪ ಕಿಟಕಿಯ ಕಡೆ ನೋಡಿದ. "ಬೇರೆ ಅಂಗಡಿ ಕೇಳಿ ನೋಡಿ" ಎಂದ. ಹಿಡಿಕೆಗೆ ಫೋನ್ ಸಿಕ್ಕಿಸಲು ಹೋದೆ. ಬೇಡ, ಆ ಕಡೆ ಇಡು ಎಂದು ಗೋಡೆಯ ಗೂಡು ತೋರಿಸಿದ. ಅಲ್ಲಿಗೆ ಅವನ ಕೈ ನಿಲುಕುವುದಿಲ್ಲ.

"ಮಲಗಿಸು" ಎಂದ ಆಮೇಲೆ. "ಗೋಡೆ ಕಡೆ ತಿರುಗಿಸಿ ಮಲಗಿಸು."

ಅವನನ್ನು ಮಲಗಿಸಿ ಮಗ್ಗುಲು ತಿರುಗಿಸಲು ಇಬ್ಬರು ಬೇಕು. ಒಬ್ಬರು ಹೆಗಲು, ಒಬ್ಬರು ಸೊಂಟ. ನಾನು ಒಬ್ಬಳೇ ತೋಳಿನ ಕೆಳಗೆ ಕೈ ಹಾಕಿ ಎತ್ತಲು ನೋಡಿದೆ. ಅಲುಗಲಿಲ್ಲ. ಮತ್ತೆ ನೋಡಿದೆ. ಅಷ್ಟರಲ್ಲಿ ಬಾಗಿಲಲ್ಲಿ ಅಣ್ಣ ಬಂದು ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ ಎಂದು ಕಾಣುತ್ತದೆ. ಮಂಚದ ಹತ್ತಿರ ಬಂದು ಎಡಗೈ ಚಾಚಿದ, ನೋವಿಗೆ ಮುಖ ಕಿವುಚಿ ಹಾಗೇ ನಿಂತ.

"ಬಿಡ್ರೋ, ಬಿಡಿ" ಎಂದ ಅಪ್ಪ. "ಅಮ್ಮ ಬರಲಿ."

ನಾನು ಅವನ ಬೆನ್ನ ಹಿಂದಿನ ದಿಂಬನ್ನು ಸ್ವಲ್ಪ ಎಳೆದು ಸರಿಮಾಡಿದೆ. ಅಪ್ಪ ಕಣ್ಣು ಮುಚ್ಚಿಕೊಂಡ. ಅಣ್ಣ ಮಂಚದ ಪಕ್ಕ ನೆಲದ ಮೇಲೆ ಕೂತ, ನಾನು ಬಾಗಿಲ ಹತ್ತಿರ ಕೂತೆ. ಅಮ್ಮ ಬರಲು ಇನ್ನೂ ಬಹಳ ಹೊತ್ತಿತ್ತು.