ಹದ್ದಣ್ಣನ ಕಣ್ಣು

ನಡುವಿನ ಸೀಟಿನ ಕೊನೆಯ ಬೋಲ್ಟು ತುಕ್ಕು ಹಿಡಿದು ಹಟ ಮಾಡುತ್ತಿತ್ತು. ಚಾಲಕ ವ್ಯಾನಿನೊಳಗೆ ಮಂಡಿಯೂರಿ ಸ್ಪಾನರಿನ ಮೇಲೆ ಮೈಭಾರವೆಲ್ಲ ಹಾಕಿದ್ದ. ಎರಡು ಸಾಲು ಸೀಟು ಕಳಚಿದರೆ ಒಬ್ಬ ಮನುಷ್ಯ ಕಾಲು ಚಾಚಿ ಮಲಗುವಷ್ಟು ಜಾಗವಾಗುತ್ತದೆ. ಇಪ್ಪತ್ತಾರು ವರ್ಷ ಒಂದು ದಿನವೂ ಕೂರದೆ, ನಿಂತೇ ಕಾಡು ತೋರಿಸಿದವನು ಇವತ್ತು ಮಲಗಿಕೊಂಡು ಹೋಗುವವನಿದ್ದ.

ವರ್ಷಕ್ಕೊಮ್ಮೆ ಕಾಡಿನ ಎಲೆ ಹಣ್ಣಾಗುವ ಮೂರು ವಾರ ಹನ್ನೆರಡು ಹದಿನಾಲ್ಕು ಜನರ ಗುಂಪು ಕಟ್ಟಿಕೊಂಡು, ಬಣ್ಣವನ್ನೂ ಮೃಗಗಳನ್ನೂ ತೋರಿಸಿ ತರುವುದು ಅವನ ಕಸುಬು. ಹದ್ದಣ್ಣ ಎಂಬ ಹೆಸರು ಪ್ರವಾಸಿಗರು ಕೊಟ್ಟದ್ದು. ಬೆಳಗಿನ ಜಾವ ನಿದ್ದೆಯಲ್ಲೇ ಹೋಗಿದ್ದ. ಹಣ್ಣೆಲೆ ತೊಟ್ಟು ಬಿಟ್ಟಷ್ಟೇ ಸದ್ದು.

"ತಮ್ಮಾ," ಹದ್ದಣ್ಣನ ಹೆಂಡತಿ ಮನೆಯ ಬಾಗಿಲಲ್ಲಿ ನಿಂತಿದ್ದಳು. "ಕಣ್ಣು ತಗೊಳ್ಳೋರಿಗೆ ಫೋನ್ ಮಾಡಿದೀನಿ. ಇನ್ನರ್ಧ ಗಂಟೇಲಿ ಬರ್ತಾರಂತೆ."

ಸ್ಪಾನರ್ ಜಾರಿ ಚಾಲಕನ ಬೆರಳ ಗೆಣ್ಣು ತರಚಿತು. "ಯಾವ ಕಣ್ಣು ಅತ್ತಿಗೆ?"

"ಇನ್ಯಾವ್ದು? ನಿಮ್ಮಣ್ಣನದು. ಅಂಥ ಕಣ್ಣನ್ನ ಮಣ್ಣಿಗೆ ಹಾಕಿದ್ರೆ ದೇವರು ಮೆಚ್ತಾನಾ? ಯಾರಿಗಾದ್ರೂ ಆಗ್ಲಿ."

ಚಾಲಕ ಸ್ಪಾನರ್ ಕೆಳಗಿಟ್ಟ. ಆ ಕಣ್ಣು ನಾಲ್ಕು ವರ್ಷದಿಂದ ಯಾವುದನ್ನೂ ನೆಟ್ಟಗೆ ಕಂಡಿರಲಿಲ್ಲ. ಡಾಕ್ಟರನ್ನು ಬಿಟ್ಟರೆ ಅದು ಗೊತ್ತಿದ್ದದ್ದು ಇಬ್ಬರಿಗೇ. ಒಬ್ಬ ಒಳಗೆ ಮಲಗಿದ್ದ. ಹೇಳಿದರೆ ಕೊಟ್ಟ ಮಾತು ಹೋಗುತ್ತದೆ. ಹೇಳದಿದ್ದರೆ ಎಲ್ಲೋ ಬೆಳಕಿಗೆ ಕಾದು ಕೂತ ಜೀವವೊಂದಕ್ಕೆ ಮತ್ತೆ ಕತ್ತಲನ್ನೇ ಕೊಟ್ಟ ಪಾಪ.

ಅವನು ಕೈ ತೊಳೆದು ಒಳಗೆ ಹೋದ. ಮುಂದಿನ ಕೋಣೆಯಲ್ಲಿ ಹಳೆಯ ಪ್ರವಾಸಿಗರು ಕೂತಿದ್ದರು.

"ಏನ್ ಕಣ್ಣು ರೀ ಅದು!" ನಿವೃತ್ತ ಶಿಕ್ಷಕಿ ಹೇಳುತ್ತಿದ್ದರು. "ಬೆನ್ನು ಕಾಡಿನ ಕಡೆ, ಮುಖ ನಮ್ಮ ಕಡೆ. ಆದ್ರೂ 'ಎಡಕ್ಕೆ ನೋಡಿ, ಜಿಂಕೆ' ಅಂತಿದ್ರು. ತಿರುಗಿದ್ರೆ ಇರೋದು!"

"ಬೆನ್ನಲ್ಲೂ ಎರಡಿತ್ತು ಬಿಡಿ," ಎಂದ ಔಷಧಿ ಅಂಗಡಿಯವನು.

"ಹೋದ ವರ್ಷ ಒಂದೇ ದಿನ ಏಳು ಕರಡಿ ತೋರಿಸಿದ್ರು."

"ಏಳಾ? ಮೇಡಂ, ಈ ಕಾಡಲ್ಲಿ ಒಟ್ಟು ಅಷ್ಟು ಕರಡಿ ಇದ್ಯಾ?"

"ಕಣ್ಣಾರೆ ಕಂಡಿದೀನಿ ಕಣಯ್ಯ! ನಾಲ್ಕು ಚೆನ್ನಾಗಿ ಕಂಡ್ವು. ಮೂರು ಪೊದೆ ಹಿಂದೆ ಇದ್ವು."

ಚಾಲಕ ಗೋಡೆಯ ಕಡೆ ತಿರುಗಿಕೊಂಡ.

* * *

ನಾಲ್ಕು ವರ್ಷದ ಹಿಂದೆ, ಪ್ರವಾಸಿಗರೆಲ್ಲ ಹಳ್ಳದ ಬಳಿ ಫೋಟೊ ತೆಗೆದುಕೊಳ್ಳುತ್ತಿದ್ದಾಗ, ಹದ್ದಣ್ಣ ಅವನನ್ನು ಪಕ್ಕಕ್ಕೆ ಕರೆದಿದ್ದ.

"ತಮ್ಮಾ, ಎದುರಿಗಿರೋ ಮರ ಯಾವ ಬಣ್ಣಕ್ಕೆ ಬಂದಿದೆ?"

"ಯಾಕಣ್ಣ, ಕೆಂಪಲ್ವಾ? ಬೆಂಕಿ ಹಚ್ಚಿದ ಹಾಗಿದೆ."

"ನಂಗೆ ಮರಾನೇ ಕಾಣ್ತಿಲ್ಲ. ನೋಡಿದ ಕಡೆಯೆಲ್ಲ ನಡುವಲ್ಲಿ ಒಂದು ಮಸಿ. ಡಾಕ್ಟ್ರು ಕಣ್ಣಿನ ಹಿಂದೆ ಕೆಟ್ಟಿದೆ, ಮದ್ದಿಲ್ಲ ಅಂದ್ರು." ಆಮೇಲೆ ನಕ್ಕ. "ನಿಮ್ಮತ್ತಿಗೆಗೆ ಹೇಳ್ಬೇಡ. ಗೊತ್ತಾದ್ರೆ ಹೊಸ್ತಿಲು ದಾಟಕ್ಕೆ ಬಿಡಲ್ಲ. ಮಾತು ಕೊಡು."

ಚಾಲಕ ಕೊಟ್ಟ. ಮರುದಿನದಿಂದ ಹದ್ದಣ್ಣ ಕಾಡಿಗೆ ಬೆನ್ನು ಹಾಕಿ, ಚಾಲಕನ ಹೆಗಲ ಮೇಲೆ ಕೈಯಿಟ್ಟು ನಿಲ್ಲತೊಡಗಿದ. ಚಾಲಕ ಎಡ ಹೆಗಲು ಎತ್ತಿದರೆ ಎಡಕ್ಕೆ, ಬಲ ಎತ್ತಿದರೆ ಬಲಕ್ಕೆ. ಒಂದು ಕೆಮ್ಮು ಜಿಂಕೆ, ಎರಡು ಹಂದಿ, ಮೂರು ಕರಡಿ. ಮಿಕ್ಕದ್ದನ್ನು ಅವನು ತನ್ನೊಳಗಿನಿಂದ ತೆಗೆದು ಹೇಳುತ್ತಿದ್ದ. ಎಲೆಯ ವಾಸನೆಯಿಂದ ಮರ ಹೇಳುತ್ತಿದ್ದ, ವ್ಯಾನು ವಾಲಿದ್ದರಿಂದ ತಿರುವು ಹೇಳುತ್ತಿದ್ದ. ಕಾಣುತ್ತಿದ್ದ ಕಾಲದಲ್ಲಿ 'ನೋಡಿ, ಜಿಂಕೆ' ಎಂದಷ್ಟೇ ಅನ್ನುತ್ತಿದ್ದವನು ಈಗ ಅದರ ಕಿವಿ ಹೇಗೆ ಅದುರುತ್ತದೆ, ಬೆನ್ನ ಮೇಲೆ ಬಿಸಿಲು ಹೇಗೆ ಬಿದ್ದಿದೆ ಎಂದು ಹೇಳುತ್ತಿದ್ದ. ಚಾಲಕ ತಾನೇ ಕಂಡ ಜಿಂಕೆಯನ್ನು ಅವನ ಬಾಯಲ್ಲಿ ಕೇಳಿ, ಅರೆ, ಹೌದಲ್ಲ ಎಂದು ಮತ್ತೆ ನೋಡುತ್ತಿದ್ದ.

ಎಡವಟ್ಟಾದದ್ದು ಒಂದೇ ಸಲ. ಹೋದ ವರ್ಷ ಚಾಲಕನಿಗೆ ವಿಪರೀತ ಶೀತ. ದಾರಿಯುದ್ದಕ್ಕೂ ಕೆಮ್ಮು. ಹದ್ದಣ್ಣ ಒಂದೊಂದು ಕೆಮ್ಮಿಗೂ ನಿಷ್ಠೆಯಿಂದ ಮೃಗ ತೋರಿಸಿದ. ಭಕ್ತಿಯಿದ್ದವರಿಗೆ ಎಲ್ಲವೂ ಕಂಡಿತು.

* * *

ಆಸ್ಪತ್ರೆಯಿಂದ ಬಂದದ್ದು ಒಬ್ಬಳು ದಪ್ಪನೆಯ, ನಡುವಯಸ್ಸಿನ ಹೆಂಗಸು. ಪುಟ್ಟ ಪೆಟ್ಟಿಗೆಯನ್ನು ಅಡುಗೆಮನೆಯ ಮೇಜಿನ ಮೇಲಿಟ್ಟು, ಕನ್ನಡಕ ಏರಿಸಿ, ಕಾಗದ ಬಿಡಿಸಿದಳು.

"ಅಮ್ಮಾ, ನಾಲ್ಕು ಪ್ರಶ್ನೆ ಕೇಳ್ತೀನಿ. ಯಜಮಾನರಿಗೆ ಕಣ್ಣಿನ ಕಾಯಿಲೆ ಏನಾದ್ರೂ ಇತ್ತಾ?"

"ಅವರಿಗಾ? ಇಡೀ ಕಾಡು ಕೇಳಿ..."

"ಇತ್ತು," ಎಂದ ಚಾಲಕ.

ಅತ್ತಿಗೆ ತಿರುಗಿದಳು. ಅವನು ಅವಳನ್ನು ನೋಡದೆ, ಕಾಗದ ನೋಡಿಕೊಂಡು ಹೇಳಿದ. "ಕಣ್ಣಿನ ಹಿಂದೆ ಕೆಟ್ಟಿತ್ತು. ನಾಲ್ಕು ವರ್ಷ ಆಯ್ತು. ಅವರಿಗೆ ಕಾಣ್ತಿರಲಿಲ್ಲ. ಅದನ್ನ ಯಾರಿಗೂ ಹಾಕ್ಬೇಡಿ ತಾಯಿ."

ಹೆಂಗಸು ಬರೆದುಕೊಂಡಳು. "ಹಿಂದಿನದು ನಮಗೆ ಬೇಡಪ್ಪ. ನಾವು ಬೇರೆಯವರಿಗೆ ಹಾಕೋದು ಮುಂದಿನ ಪಾರದರ್ಶಕ ಪೊರೆ, ಗಡಿಯಾರದ ಗಾಜಿನ ಥರ. ಅದು ತಿಳಿಯಾಗಿದ್ರೆ ಸಾಕು." ಒಳಗೆ ಹೋದವಳು ಸ್ವಲ್ಪ ಹೊತ್ತಿಗೆ ಬಾಗಿಲಿಂದಲೇ ಕೂಗಿದಳು: "ನೀರಿನ ಹಾಗಿದೆ. ಇಬ್ಬರಿಗಾಗುತ್ತೆ."

ಬಾಗಿಲು ಮುಚ್ಚಿತು. ಅಡುಗೆಮನೆಯಲ್ಲಿ ಇಬ್ಬರೇ ಉಳಿದರು.

"ಸಕ್ಕರೆ ಡಬ್ಬಿಗೆ ಉಪ್ಪು ಸುರಿದಾಗ ಬೈದೆ," ಎಂದಳು ಅತ್ತಿಗೆ. "ಬೇರೆ ಬೇರೆ ಜೊತೆಯ ಚಪ್ಪಲಿ ಹಾಕ್ಕೊಂಡು ಹೋದಾಗ, ಮೈಮೇಲೆ ಪ್ರಜ್ಞೆ ಇಲ್ವಾ ಅಂದೆ. ನೀನು ಅಲ್ಲೇ ನಿಂತು ಕೇಳಿಸ್ಕೊಂಡೆ. ನಿನ್ನ ಬಾಯಿಗೇನಾಗಿತ್ತು?"

"ಮಾತು ಕೊಟ್ಟಿದ್ದೆ ಅತ್ತಿಗೆ."

"ಮಾತಂತೆ! ಹಾಗಾದ್ರೆ ನಾನು ಹೊಸ ಶಾಲು ಹೊದ್ದು ಎದುರಿಗೆ ನಿಂತಾಗ, ಚೆಂದ ಕಾಣ್ತೀಯ ಅಂದ್ರಲ್ಲ, ಅದು?"

"ಅಷ್ಟಕ್ಕೆ ಕಣ್ಣು ಬೇಕಾ ಅತ್ತಿಗೆ?"

ಅವಳು ಸ್ಟೂಲು ಎಳೆದು ಕೂತಳು. ಆಮೇಲೆ ಕೇಳಿದಳು. "ಮತ್ತೆ ಮೇಡಂ ಹೇಳ್ತಿದ್ರಲ್ಲ, ಆ ಕರಡಿಗಳು?"

"ಅದು ನನ್ನ ಶೀತ."

ನಗು ಮೊದಲು ಬಂತು. ಅದರ ಬೆನ್ನಿಗೇ ಅಳು ಬಂತು. ಬೆಳಗಿನಿಂದ ಅತ್ತಿರಲಿಲ್ಲ. ಚಾಲಕ ಒಂದು ಲೋಟ ನೀರು ಅವಳ ಮುಂದಿಟ್ಟ.

"ನಾನು ಒಂದು ಸಲಾನೂ ಬರಲಿಲ್ಲ ನೋಡು," ಎಂದಳು ಕಣ್ಣೊರೆಸಿಕೊಂಡು. "ಆ ಮೂರು ವಾರ ನಿಮ್ಮ ಪ್ರವಾಸಿಗರಿಗೆ ಬುತ್ತಿ ಕಟ್ಟೋದೇ ಆಗ್ತಿತ್ತು. ದಿನಾ ಸಂಜೆ ಬಂದು ಇಲ್ಲೇ ಕೂತು ಹೇಳೋರು. ಯಾವ ಮರ ಹಳದಿ ಆಯ್ತು, ಯಾವ ಜಿಂಕೆ ಮರಿ ಹಾಕ್ತು ಅಂತ. ನಾನು ಪಾತ್ರೆ ತೊಳೀತಾ ಕಾಡು ನೋಡ್ತಿದ್ದೆ. ಇಷ್ಟು ವರ್ಷ ನನ್ನ ಕಣ್ಣೂ ಅವರೇ." ಅವಳು ಎದ್ದಳು. "ಸ್ಮಶಾನಕ್ಕೆ ಪೇಟೆ ದಾರೀಲಿ ಎಷ್ಟು ಹೊತ್ತು?"

"ಕಾಲು ಗಂಟೆ."

"ಕಾಡಿನ ದಾರೀಲಿ?"

"ಒಂದೂವರೆ ಗಂಟೆ. ಜನ ಕಾಯಬೇಕಾಗುತ್ತೆ."

"ಕಾಯ್ಲಿ. ಬೇಕಾದವರು ಹಿಂದೆ ಬರ್ಲಿ."

* * *

ಎಲ್ಲರೂ ಹಿಂದೆ ಬಂದರು. ವ್ಯಾನಿನ ಹಿಂದೆ ಒಂಬತ್ತು ಕಾರು, ಒಂದು ಸ್ಕೂಟರು. ಅತ್ತಿಗೆ ಮುಂದೆ ಕೂರಲು ಒಪ್ಪದೆ, ಸೀಟು ಕಳಚಿದ ಜಾಗದಲ್ಲಿ ಗಂಡನ ತಲೆಯ ಬಳಿ ನೆಲದ ಮೇಲೆ ಕೂತಳು. ಶಿಕ್ಷಕಿ ಮತ್ತು ಔಷಧಿ ಅಂಗಡಿಯವನು ಹಿಂದಿನ ಸೀಟಿನಲ್ಲಿದ್ದರು.

ಎತ್ತರದ ತಿರುವಿನಲ್ಲಿ ಚಾಲಕ ಎಂಜಿನ್ ನಿಲ್ಲಿಸಿದ. ಒಂದೊಂದಾಗಿ ಹಿಂದಿನ ಕಾರುಗಳೂ ಸುಮ್ಮನಾದವು. ಕೆಳಗೆ ಕಣಿವೆ ಪೂರ್ತಿ ಹಣ್ಣಾಗಿತ್ತು; ದೇವರು ತನ್ನ ಕೈಲಿದ್ದ ಬಣ್ಣವನ್ನೆಲ್ಲ ಅಲ್ಲೇ ಸುರಿದು ಕೈ ಝಾಡಿಸಿಕೊಂಡು ಹೋದಂತಿತ್ತು. ಗಾಳಿಯಿಲ್ಲದೆಯೂ ಎಲೆ ಬೀಳುತ್ತಿದ್ದವು.

ಅಭ್ಯಾಸದಂತೆ ಎಲ್ಲರೂ ಕಾದರು. ಎಲ್ಲಿ ನೋಡಬೇಕೆಂದು ಹೇಳುವವರು ಯಾರೂ ಇರಲಿಲ್ಲ.

ಚಾಲಕ ಕನ್ನಡಿಯಲ್ಲಿ ನೋಡಿದ. ಅತ್ತಿಗೆ ಮೊಣಕಾಲ ಮೇಲೆ ಎದ್ದು ಕಿಟಕಿಯಾಚೆ ನೋಡುತ್ತಿದ್ದಳು. ಆಮೇಲೆ ಬಗ್ಗಿ, ಗಂಡನ ಮುಖದ ಮೇಲಿನ ಬಟ್ಟೆಯನ್ನು ಕಿವಿಯಷ್ಟೇ ಕಾಣುವಂತೆ ಸರಿಸಿ, ಮೆಲ್ಲಗೆ ಶುರುಮಾಡಿದಳು.

"ರೀ, ಬಲಗಡೆ, ಹಳ್ಳದ ಹತ್ರ. ಮೂರು ಜಿಂಕೆ ಇವೆ. ದೊಡ್ಡದು ನೀರು ಕುಡೀತಿದೆ. ಅದರ ಕೊಂಬಿಗೆ ಒಂದು ಹಳದಿ ಎಲೆ ಸಿಕ್ಕೊಂಡಿದೆ, ಅದಕ್ಕೆ ಗೊತ್ತೇ ಇಲ್ಲ. ತಡೀರಿ... ಇನ್ನೊಂದು ಬರ್ತಿದೆ."